ತಮಗೆ ತಾವೇ ಷಡ್ಡಕರಾದ ಕಿಟೆಲ್ ಸಾಹೇಬರು

ಧಾರವಾಡಕ್ಕೆ ಹೋಗಿಬಂದವರಿಗೆ ಕಿಟೆಲ್ ಕಾಲೇಜು ಗೊತ್ತು. ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಬಸ್ ಹತ್ತುವ ಹುಡುಗರ ಬಾಯಲ್ಲಿ ಆ ಹೆಸರು ದಿನಾ ಬರುತ್ತದೆ. ಕಿಟೆಲ್ ಅಂದರೆ ಯಾರು ಅಂತ ಕೇಳಿದರೆ, ಡಿಕ್ಷನರಿ ಬರೆದ ಪಾದ್ರಿ ಅಂತ ಪಕ್ಕದ ಸೀಟಿನವರೇ ಹೇಳಿಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಆ ಪಾದ್ರಿಗೆ ಮದುವೆ ಆಗಿತ್ತೇ, ಮಕ್ಕಳು ಮರಿ ಇದ್ದರೇ, ಮಾವನ ಮನೆ ಎಂಥಾದ್ದು ಅಂತ ಯಾರೂ ಕೇಳೋದಿಲ್ಲ. ನಿಘಂಟು ಬರೆಯುವವನಿಗೆ ಸಂಸಾರ ಎಲ್ಲಿಂದ ಬರಬೇಕು ಅಂತ ಜನ ತಿಳಿದಿದ್ದರೂ ತಿಳಿದಿರಬಹುದು.

ಸಂಸಾರ ಇತ್ತು. ಮದುವೆ ಎರಡು ಸಲ ಆಯಿತು. ಮಾವನ ಮನೆ ಮಾತ್ರ ಒಂದೇ.

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರದ ಕಡಲಂಚಿನ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿ, ಇವರು ಹಿರೀಮಗ. 1850ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನ ಮಿಷನ್ ಶಾಲೆಗೆ ಸೇರಿದರು. 1853ರಲ್ಲಿ ಅವರನ್ನು ಹಡಗು ಹತ್ತಿಸಿ ಕನ್ನಡ ನಾಡಿಗೆ ಕಳಿಸಿಬಿಟ್ಟರು. ಆಗ ವಯಸ್ಸು ಇಪ್ಪತ್ತೊಂದು. ಕಳಿಸಿದ್ದು ಮತಪ್ರಚಾರಕ್ಕೆ. ಹುಡುಗ ಬಂದವನೇ ಹಿಡಿದದ್ದು ಕನ್ನಡವನ್ನು. ಜನರ ನಡುವೆ ಇರಬೇಕು, ಅವರ ಮಾತನ್ನು ಅವರ ಹಾಗೇ ಆಡಬೇಕು ಅನ್ನೋದು ಅವರ ಹಟ. ಮೇಲಿನವರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಹಿಡಿಸದೆ ಇದ್ದದ್ದು ಮುಂದೆ ನಲವತ್ತು ವರ್ಷ ಹಾಗೇ ನಡೆಯಿತು.

ಕಮಿಟಿ ಮಂಜೂರು ಮಾಡಿದ ಮದುವೆ

ಬಾಸೆಲ್ ಮಿಷನ್‌ನಲ್ಲಿ ಮದುವೆ ಅಂದರೆ ಹುಡುಗಾಟವಲ್ಲ. ಬರುವಾಗ ಬ್ರಹ್ಮಚಾರಿಯಾಗೇ ಬರಬೇಕು. ಕೆಲವು ವರ್ಷ ದುಡಿದು, ಕೆಲಸ ನೆಟ್ಟಗೆ ಮಾಡುತ್ತಾನೆ ಅಂತ ಆದ ಮೇಲೆ ಅರ್ಜಿ ಹಾಕಿಕೊಳ್ಳಬೇಕು. ಬಾಸೆಲ್‌ನಲ್ಲಿ ಕೂತ ಕಮಿಟಿ ಅದನ್ನು ನೋಡಿ ಒಪ್ಪಬೇಕು. ಎಷ್ಟೋ ಸಲ ಹುಡುಗಿಯನ್ನು ಹುಡುಕೋದೂ ಕಮಿಟಿಯೇ. ಹುಡುಗಿ ಅಲ್ಲಿ ಹಡಗು ಹತ್ತಬೇಕು, ಹುಡುಗ ಇಲ್ಲಿ ದಂಡೆಯ ಮೇಲೆ ಕಾಯಬೇಕು. ಸೂಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ. ಅದಕ್ಕೆ ಮುಂಚೆ ಬಂದವರ ಪಾಡು ಕೇಳಬೇಡಿ. ಎಷ್ಟೋ ಮದುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದ್ದೇ ಬಂದರಿನಲ್ಲಿ.

ಈ ಕಡೆಯ ಜನಕ್ಕೆ ಇದರಲ್ಲಿ ಆಶ್ಚರ್ಯ ಪಡುವಂಥಾದ್ದು ಏನೂ ಇರಲಿಲ್ಲ. ಹಿರಿಯರು ಗೊತ್ತು ಮಾಡಬೇಕು, ಹುಡುಗ ಹುಡುಗಿ ಒಪ್ಪಬೇಕು. ಇಲ್ಲಿ ಇಬ್ಬರ ನಡುವೆ ಅಂತರಪಟ ಹಿಡಿಯುತ್ತಾರೆ, ಅಲ್ಲಿ ಒಂದು ಸಮುದ್ರ ಹಿಡಿದಿದ್ದರು. ವ್ಯತ್ಯಾಸ ಅಷ್ಟೇ.

ಹೀಗೆ ದೂರದಿಂದ ಬಂದವರಲ್ಲಿ ಯಾರಾದರೂ ತೀರಿಕೊಂಡರೆ ಉಳಿದವರ ಗತಿ ಏನು? 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತೆಗೆದ ಹರ್ಮನ್ ಮೋಗ್ಲಿಂಗ್ ಇದೇ ಮಿಷನ್‌ನವರು. ಅವರ ಜೊತೆಗಾರ ವೈಗ್ಲೆ 1855ರಲ್ಲಿ ತೀರಿಹೋದರು. ಆ ಮೇಲೆ ಮೋಗ್ಲಿಂಗ್ ಅವರು ವೈಗ್ಲೆಯ ವಿಧವೆಯನ್ನೇ ಮದುವೆಯಾದರು. ಪರದೇಶದಲ್ಲಿ ಒಂಟಿ ಹೆಂಗಸು, ಮನೆಯಿಲ್ಲದ ಗಂಡಸು. ಒಲೆ ಒಂದಾಯಿತು.

ಕಿಟೆಲ್ ಸಾಹೇಬರ ಸರದಿ ಬಂದದ್ದು 1860ರಲ್ಲಿ. ಬಂದು ಏಳು ವರ್ಷ ಆಗಿತ್ತು, ವಯಸ್ಸು ಇಪ್ಪತ್ತೆಂಟು. ಹುಡುಗಿಯ ಹೆಸರು ಪೌಲೀನ್, ಐಟ್ ಎಂಬ ಮನೆತನದವಳು. ಮದುವೆಯಾದ ಎರಡು ವರ್ಷಕ್ಕೆ, 1862ರಲ್ಲಿ, ಕಿಟೆಲ್ ಅವರು ಏಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಕಟ್ಟಿ 'ಕಥಾಮಾಲೆ' ಅಂತ ಅಚ್ಚು ಹಾಕಿಸಿದರು. ಗಂಡ ಮನೆಗೆ ಬಂದು ಷಟ್ಪದಿಯ ಮಾತ್ರೆ ಎಣಿಸುತ್ತಾ ಕೂತರೆ ಹೆಂಡತಿ ಏನು ಮಾಡುತ್ತಿದ್ದಳು ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ. ಕಿರಾಣಿ ಲೆಕ್ಕದ ಎಣಿಕೆ ಬೇರೆ ಯಾರೋ ಮಾಡುತ್ತಿದ್ದಿರಬೇಕು.

ಆ ಸಂಸಾರ ಬಹಳ ದಿನ ನಡೆಯಲಿಲ್ಲ. ಕೆಲವೇ ವರ್ಷಕ್ಕೆ ಪೌಲೀನ್ ತೀರಿಕೊಂಡಳು. ಕರಾವಳಿಯ ಸೆಕೆ, ಜ್ವರ, ಹೆರಿಗೆ, ಇವು ಆ ಕಾಲದ ಪಾದ್ರಿಗಳ ಹೆಂಡಂದಿರನ್ನು ಬಹಳ ಮಂದಿಯನ್ನು ಕೊಂಡೊಯ್ದಿವೆ. ಮನೆಯಲ್ಲಿ ತಾಯಿಯಿಲ್ಲದ ಚಿಕ್ಕ ಮಕ್ಕಳು ಉಳಿದರು. ಮೇಜಿನ ಮೇಲೆ ಹಳಗನ್ನಡದ ಓಲೆಗರಿ ಉಳಿದವು.

ಅಕ್ಕನ ಜಾಗಕ್ಕೆ ತಂಗಿ

ಇಂಥ ಹೊತ್ತಿನಲ್ಲಿ ಹಳ್ಳಿಯ ಮುದುಕಿಯರನ್ನು ಕೇಳಿದರೆ ಅರ್ಧ ತಾಸಿನಲ್ಲಿ ತೀರ್ಮಾನ ಹೇಳುತ್ತಾರೆ. ಸತ್ತವಳ ತಂಗಿಯನ್ನೇ ತಂದುಕೊಂಡರೆ ಮಕ್ಕಳನ್ನು ಕಣ್ಣಿಟ್ಟು ನೋಡಿಕೊಳ್ಳುತ್ತಾಳೆ ಅಂತ. ಕಿಟೆಲ್ ಸಾಹೇಬರು ಮಾಡಿದ್ದೂ ಅದನ್ನೇ. ಪೌಲೀನಳ ತಂಗಿ ಜೂಲಿಯನ್ನು ಮದುವೆಯಾದರು.

ಇದೇ ಕೆಲಸವನ್ನು ಇಂಗ್ಲೆಂಡಿನಲ್ಲಿ ಮಾಡಿದ್ದರೆ ಆ ಮದುವೆ ಮದುವೆಯೇ ಅಲ್ಲ ಅಂತ ಆಗುತ್ತಿತ್ತು. ಸತ್ತ ಹೆಂಡತಿಯ ತಂಗಿಯನ್ನು ಮದುವೆಯಾಗುವಂತಿಲ್ಲ ಅಂತ ಅಲ್ಲಿ 1835ರಿಂದ ಕಾನೂನು ಬಿಗಿಯಾಗಿತ್ತು. ಅದನ್ನು ತೆಗೆಯಬೇಕೋ ಬೇಡವೋ ಅಂತ ಪಾರ್ಲಿಮೆಂಟಿನವರು ದಶಕಗಟ್ಟಲೆ ವಾದ ಮಾಡಿದರು. ಕೊನೆಗೆ 1907ರಲ್ಲಿ ಆಗಬಹುದು ಅಂತ ಕಾಯಿದೆ ಬಂತು. ಮುದುಕಿಯರ ಅರ್ಧ ತಾಸಿನ ತೀರ್ಮಾನಕ್ಕೆ ಅವರು ತೆಗೆದುಕೊಂಡದ್ದು ಎಪ್ಪತ್ತೆರಡು ವರ್ಷ. ಕಿಟೆಲ್ ಅವರು ಜರ್ಮನಿಯವರಾದ್ದರಿಂದ ಕಾಯುವ ಕೆಲಸ ಇರಲಿಲ್ಲ.

ಈ ಮದುವೆಯ ಲಾಭನಷ್ಟ ಲೆಕ್ಕ ಹಾಕಿದರೆ ನಷ್ಟ ಕಾಣೋದಿಲ್ಲ. ಹೊಸ ಅತ್ತೆ ಮಾವ ಬರಲಿಲ್ಲ, ಹಳಬರೇ ಮುಂದುವರಿದರು. ಹೊಸ ಬೀಗರ ಉಪಚಾರ ತಪ್ಪಿತು. ಇನ್ನು ಅಕ್ಕತಂಗಿಯರ ಗಂಡಂದಿರು ಒಬ್ಬರಿಗೊಬ್ಬರು ಷಡ್ಡಕರಾಗಬೇಕು. ಅಕ್ಕನ ಗಂಡನೂ ತಂಗಿಯ ಗಂಡನೂ ಒಬ್ಬರೇ ಆದ್ದರಿಂದ ಕಿಟೆಲ್ ಸಾಹೇಬರು ತಮಗೆ ತಾವೇ ಷಡ್ಡಕರಾದರು. ಮಾವ ಯಾರಿಗೆ ಹೆಚ್ಚು ಕೊಟ್ಟ, ಯಾರಿಗೆ ಕಡಿಮೆ ಕೊಟ್ಟ ಅಂತ ಷಡ್ಡಕರಿಬ್ಬರ ನಡುವೆ ಮುಖ ಗಂಟಾಗದೆ ಉಳಿದ ಮನೆ ಅದೊಂದೇ ಇರಬೇಕು.

ತಮಾಷೆ ಹಾಗಿರಲಿ. ಮಕ್ಕಳ ವಿಷಯ ನೋಡಿ. ಅಮ್ಮನ ತಂಗಿ ಮಕ್ಕಳಿಗೆ ಚಿಕ್ಕಮ್ಮ, ಧಾರವಾಡದ ಕಡೆ ಚಿಗವ್ವ. ಅವಳೇ ಅಪ್ಪನ ಎರಡನೇ ಹೆಂಡತಿಯಾಗಿ ಬಂದಳು. ಜರ್ಮನ್ ಭಾಷೆಯಲ್ಲಿ ತಾಯಿಯ ತಂಗಿಗೆ ಒಂದು ಶಬ್ದ, ಅಪ್ಪ ಆಮೇಲೆ ಮದುವೆಯಾದವಳಿಗೆ ಬೇರೆ ಶಬ್ದ. ಕನ್ನಡದಲ್ಲಿ ಮಲತಾಯಿ ಅಂತ ಒಂದು ಮಾತು ಉಂಟು ನಿಜ, ಆದರೆ ಅದನ್ನು ಎದುರಿಗೆ ಯಾರೂ ಆಡೋದಿಲ್ಲ. ಕರೆಯೋದು ಚಿಕ್ಕಮ್ಮ ಅಂತಲೇ. ಎಂದರೆ ಕಿಟೆಲ್ ಅವರ ಮಕ್ಕಳು ಕನ್ನಡದಲ್ಲಿ ಕರೆಯುವುದಾದರೆ ಮದುವೆಗೆ ಮುಂಚೆ ಏನು ಕರೆಯಬೇಕಿತ್ತೋ ಮದುವೆಯ ಮೇಲೂ ಅದನ್ನೇ ಕರೆಯಬಹುದು. ಇಂಥ ಸಾವು, ಇಂಥ ಮದುವೆ ಎಷ್ಟು ಮನೆಗಳಲ್ಲಿ ಆಗಿದ್ದರೆ ಒಂದು ಭಾಷೆ ಈ ಶಬ್ದವನ್ನು ಮೊದಲೇ ಮಾಡಿ ಇಟ್ಟಿರುತ್ತದೆ ಅನ್ನೋದನ್ನು ಯೋಚನೆ ಮಾಡಬೇಕು.

ಒಂದು ಅಂಕಲ್, ನಾಲ್ಕು ನೆಂಟರು

ಮೊದಲು ಹಳೆಯ ಪುಸ್ತಕಗಳ ಕೆಲಸ ಆಯಿತು. ಕೇಶಿರಾಜನ 'ಶಬ್ದಮಣಿದರ್ಪಣ' 1872ರಲ್ಲಿ, ನಾಗವರ್ಮನ ಛಂದಸ್ಸು 1875ರಲ್ಲಿ ಅಚ್ಚಾದವು. ಅದರ ಜೊತೆಗೇ ನಿಘಂಟು. ಹಳಗನ್ನಡದ ಕಾವ್ಯ, ಪಂಡಿತರ ಮಾತು, ಸಂತೆಯ ಮಾತು, ಗಾದೆ, ಯಾವುದನ್ನೂ ಬಿಡಲಿಲ್ಲ. ಅರ್ಥ ಮಾತ್ರ ಇಂಗ್ಲಿಷಿನಲ್ಲಿ ಬರೆಯಬೇಕು. ಅಲ್ಲಿ ತೊಡಕು.

ಇಂಗ್ಲಿಷಿನಲ್ಲಿ ಅಂಕಲ್ ಅಂದರೆ ಮುಗಿಯಿತು. ಕನ್ನಡದಲ್ಲಿ ದೊಡ್ಡಪ್ಪ ಬೇರೆ, ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ, ಅತ್ತೆಯ ಗಂಡ ಬೇರೆ. ಒಬ್ಬನಿಗೆ ಕೊಡುವ ಮರ್ಯಾದೆ ಇನ್ನೊಬ್ಬನಿಗೆ ಕೊಟ್ಟರೆ ಮದುವೆ ಮನೆಯಲ್ಲಿ ಊಟ ಬಿಟ್ಟು ಎದ್ದು ಹೋಗುತ್ತಾರೆ. ಸಿಸ್ಟರ್ ಇನ್ ಲಾ ಅಂದರೆ ಅತ್ತಿಗೆಯೋ, ನಾದಿನಿಯೋ, ಓರಗಿತ್ತಿಯೋ? ಓರಗಿತ್ತಿಗೆ ಧಾರವಾಡದ ಕಡೆ ನೆಗೆಣ್ಣಿ ಅಂತ ಇನ್ನೊಂದು ಹೆಸರು. ಇದಲ್ಲದೆ ಕೆಲವು ಶಬ್ದ ಹಿಂದುಮುಂದು ಎರಡೂ ಕಡೆ ಎಳೆಯುತ್ತವೆ. ಮಾವ ಅಂದರೆ ತಾಯಿಯ ಅಣ್ಣತಮ್ಮನೂ ಹೌದು, ಹೆಣ್ಣು ಕೊಟ್ಟವನೂ ಹೌದು. ಅತ್ತೆ ಅಂದರೆ ಅಪ್ಪನ ಅಕ್ಕತಂಗಿಯೂ ಹೌದು, ಗಂಡನ ತಾಯಿಯೂ ಹೌದು. ಸೋದರಿಕೆಯಲ್ಲಿ ಕೊಟ್ಟು ತಂದು ಮಾಡುವ ಜನಕ್ಕೆ ಇಬ್ಬರೂ ಒಬ್ಬರೇ ಆಗುವ ಸಂಭವ ಉಂಟಲ್ಲ, ಅದಕ್ಕೆ ಒಂದೇ ಶಬ್ದ. ಬೇರೆಯವರಾದರೆ ಒಂದೊಂದಾಗಿ ಬಿಡಿಸಿ ಬರೆಯುವ ಕಷ್ಟ ಪಡುತ್ತಿರಲಿಲ್ಲ. ತಂಗಿಯನ್ನು ಅಕ್ಕನ ಜಾಗಕ್ಕೆ ತಂದ ಮನುಷ್ಯನಿಗೆ ನೆಂಟಸ್ತಿಕೆಯ ಬೆಲೆ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಸಂಸಾರ ಎಲ್ಲಿ, ಶಬ್ದ ಎಲ್ಲಿ

ಕೆಲಸಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಮಿಷನ್‌ನವರ ಮಕ್ಕಳನ್ನು ಇಲ್ಲಿ ಬೆಳೆಸುವ ರೂಢಿ ಇರಲಿಲ್ಲ. ಶಾಲೆಯ ವಯಸ್ಸು ಬಂದ ಕೂಡಲೇ ಓದಿಗೆ ಯುರೋಪಿಗೆ ಕಳಿಸಬೇಕು. ಆಮೇಲೆ ಅಪ್ಪ ಅಮ್ಮ ಅಂದರೆ ಟಪಾಲಿನಲ್ಲಿ ಬರುವ ಕಾಗದ. ಮೇಲಿನವರಿಗೋ ಪಾದ್ರಿಯಾದವನು ಪದಗಳ ಬೆನ್ನು ಹತ್ತಿದ್ದು ಯಾಕೆ ಅನ್ನುವ ಅಸಮಾಧಾನ. ಕಿಟೆಲ್ ಅವರು ನಡುವೆ ಜರ್ಮನಿಗೆ ಹೋಗಿ ಕೆಲವು ವರ್ಷ ಇದ್ದರು. ಹೆಚ್ಚಿನವರು ಆ ವಯಸ್ಸಿಗೆ ಊರಲ್ಲಿ ನೆಮ್ಮದಿಯಾಗಿ ಕೂರುತ್ತಾರೆ. ಇವರು ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟು ಮುಗಿಸಲೇಬೇಕು ಅಂತ ಮತ್ತೆ ಈ ನಾಡಿಗೆ ಬಂದರು. ವಾಪಸು ಹೋದದ್ದು 1892ರಲ್ಲಿ.

1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಹೊರಬಂತು. ಪುಟ 1752, ಶಬ್ದ ಸುಮಾರು 70,000. ಬಂದು ಇಳಿದ ಹುಡುಗನಿಗೆ ಆಗ ಅರವತ್ತೆರಡು ವರ್ಷ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕರೆದು ಡಾಕ್ಟರೇಟ್ ಕೊಟ್ಟಿತು. ಅದಕ್ಕೂ ಸುಮ್ಮನಾಗದೆ ಕನ್ನಡದ ವ್ಯಾಕರಣ ಬರೆಯುತ್ತಾ ಕೂತರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಹುಟ್ಟಿದ್ದೂ ಸತ್ತದ್ದೂ ಜರ್ಮನಿಯಲ್ಲಿ, ನಡುವಿನ ಕಸುಬು ಪೂರಾ ಕನ್ನಡದ್ದು. ಮುಂದೆ ಮದರಾಸು ವಿಶ್ವವಿದ್ಯಾಲಯ ಮರಿಯಪ್ಪ ಭಟ್ಟರ ಕೈಲಿ ಈ ನಿಘಂಟನ್ನು ತಿದ್ದಿಸಿ ನಾಲ್ಕು ಸಂಪುಟ ಮಾಡಿಸಿತು.

ಇವತ್ತು ಮನೆಗೆ ಯಾರು ಬಂದರೂ ಮಕ್ಕಳ ಬಾಯಲ್ಲಿ ಎರಡೇ ಶಬ್ದ, ಅಂಕಲ್ ಮತ್ತು ಆಂಟಿ. ಸೋದರಮಾವನೂ ಅಂಕಲ್, ಕೇಬಲ್ ರಿಪೇರಿಗೆ ಬಂದವನೂ ಅಂಕಲ್. ಷಡ್ಡಕ ಅಂದರೆ ಏನು ಅಂತ ಮದುವೆಯಾದ ಹುಡುಗರೇ ಕೇಳುವ ಕಾಲ. ಅಣ್ಣತಮ್ಮಂದಿರು ಬೇರೆಯಾಗಿ, ನೆಗೆಣ್ಣಿಯರು ಬೇರೆ ಬೇರೆ ಊರು ಸೇರಿ, ಹಳೆಯ ಒಟ್ಟು ಮನೆ ಇದ್ದಂತೆ ಉಳಿದಿರೋದು ಕಿಟೆಲ್ ಸಾಹೇಬರ ಪುಸ್ತಕದಲ್ಲಿ. ಅಲ್ಲಿ ಭಾವ, ಮೈದುನ, ನಾದಿನಿ, ಬೀಗರು ಯಾರೂ ಮನೆ ಬಿಟ್ಟು ಹೋಗಿಲ್ಲ.

ಜಗಳವೂ ಇಲ್ಲ. ಅಕ್ಷರಮಾಲೆಯ ಪ್ರಕಾರ ಅತ್ತೆ ಪುಸ್ತಕದ ಮೊದಲಿಗೆ ಕೂತಿದ್ದಾಳೆ, ಸೊಸೆ ಹೋಗಿ ಕೊನೆಯ ಹತ್ತಿರ ಕೂತಿದ್ದಾಳೆ. ನಡುವೆ ಸಾವಿರಕ್ಕೂ ಮಿಕ್ಕಿ ಪುಟಗಳಿವೆ. 1894ರಿಂದ ಇವತ್ತಿನವರೆಗೆ ಇಬ್ಬರೂ ಒಂದೇ ಮನೆಯಲ್ಲಿ ಇದ್ದು, ಒಂದು ದಿನವೂ ಮಾತಿಗೆ ಮಾತು ಬೆಳೆದಿಲ್ಲ.