ಯಾರ ಕಣ್ಣು ಅಳತೆಗೋಲು?



ಇಂದು ನಾನು ನೆನೆಯುವುದು ಜರ್ಮನಿಯ ಖಗೋಳ ವಿಜ್ಞಾನಿ ಫ್ರೆಡ್ರಿಕ್ ಬೆಸೆಲ್ (1784–1846) ಅವರನ್ನು. 14ನೇ ವಯಸ್ಸಿಗೇ ಶಾಲೆ ಬಿಟ್ಟು ಬ್ರೆಮೆನ್ ನಗರದ ವ್ಯಾಪಾರ ಸಂಸ್ಥೆಗೆ ಸೇರಿದವರು, ಸ್ವಂತ ಓದಿನಿಂದಲೇ ಕೋನಿಗ್ಸ್‌ಬರ್ಗ್ ವೀಕ್ಷಣಾಲಯದ ಮುಖ್ಯಸ್ಥರಾದರು. 1838ರಲ್ಲಿ ನಕ್ಷತ್ರವೊಂದರ ದೂರ ಅಳೆದು ಹೆಸರಾದರು.

ನನಗೆ ತಟ್ಟಿದ್ದು ಅವರ ಇನ್ನೊಂದು ಕೆಲಸ. 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಕಿನ್ನೆಬ್ರೂಕ್ ಎಂಬ ಸಹಾಯಕ ಕೆಲಸ ಕಳೆದುಕೊಂಡಿದ್ದ. ಗಡಿಯಾರದ ಬಡಿತ ಕೇಳುತ್ತಲೇ, ದೂರದರ್ಶಕದೊಳಗಿನ ತಂತಿಯನ್ನು ನಕ್ಷತ್ರ ದಾಟುವ ಕ್ಷಣ ಗುರುತಿಸುವುದು ಅವನ ಕೆಲಸ. ಮುಖ್ಯಸ್ಥ ಮಾಸ್ಕೆಲೈನ್ ಅವರ ಲೆಕ್ಕಕ್ಕಿಂತ ಅವನದು 0.8 ಸೆಕೆಂಡ್ ತಡ. ತಪ್ಪು ಅವನದೇ ಎಂದಾಯಿತು.

ಮುಂದೆ ಇದನ್ನೋದಿದ ಬೆಸೆಲ್ ತಮ್ಮನ್ನೇ ಪರೀಕ್ಷೆಗೊಡ್ಡಿಕೊಂಡರು. ನುರಿತ ಮತ್ತೊಬ್ಬ ವಿಜ್ಞಾನಿಯೊಂದಿಗೆ ಹೋಲಿಸಿದಾಗ ಒಂದು ಸೆಕೆಂಡಿಗೂ ಮೀರಿದ ವ್ಯತ್ಯಾಸ ಕಂಡಿತು! ಕಣ್ಣು, ಕಿವಿಗಳನ್ನು ಕೂಡಿಸಿ ಗ್ರಹಿಸುವ ಕಾಲ ಒಬ್ಬೊಬ್ಬರಿಗೆ ಒಂದೊಂದು ಎಂದು ತಿಳಿಯಿತು. ಆದರೆ ಕಿನ್ನೆಬ್ರೂಕ್ 1802ರಲ್ಲೇ ತೀರಿಕೊಂಡಿದ್ದ. ಈ ನ್ಯಾಯ ಅವನಿಗೆ ಮುಟ್ಟಲಿಲ್ಲ.

ಮೇಲೆ ಕುಳಿತವರ ಕಣ್ಣೇ ಸರಿ ಎಂಬ ಅಳತೆಯಲ್ಲಿ ನಮ್ಮ ಹಿರಿಯರೂ ಬೆಂದವರು. ತರಗತಿಯಲ್ಲಿ ತಡವಾಗಿ ಕೈ ಎತ್ತುವ ಮಗುವನ್ನು ಕಂಡಾಗ ನನಗೆ ಬೆಸೆಲ್ ನೆನಪಾಗುತ್ತಾರೆ. ಇನ್ನೊಬ್ಬರನ್ನು ತೂಗುವ ಮುನ್ನ ನಮ್ಮ ನೋಟವನ್ನೂ ತೂಗಿಕೊಳ್ಳೋಣ. ಸಮ್ಯಕ್ ದೃಷ್ಟಿಗೆ ಅದೂ ಒಂದು ಅಭ್ಯಾಸ.

ಜೈ ಭೀಮ್.