ಇಗರ್ಜಿಯ ಅಟ್ಟದಿಂದ ಅರಮನೆಗೆ

ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂದು ನಮ್ಮ ಮಕ್ಕಳು ಚರಿತ್ರೆಯ ಪಾಠವನ್ನು ಬಾಯಿಪಾಠ ಮಾಡುತ್ತಾರೆ. ನಾವೂ ಹಾಗೆಯೇ ಕಲಿತವರು, ಈಗ ಹಾಗೆಯೇ ಕಲಿಸುತ್ತಿರುವವರು. ಆದರೆ ಈ ಮೂರು ಹೆಸರುಗಳನ್ನು ಈ ಕ್ರಮದಲ್ಲಿ ಇಟ್ಟವರು ಯಾರು ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಈ ಕ್ರಮವನ್ನು ಮೊದಲು ಜೋಡಿಸಿ ತೋರಿಸಿದವರು ವಿಶ್ವವಿದ್ಯಾಲಯದ ಪಂಡಿತರಲ್ಲ. ಅವರು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಒಬ್ಬ ವರ್ತಕ, ಕ್ರಿಸ್ಟಿಯನ್ ಯೂರ್ಗೆನ್ಸನ್ ತೋಮ್ಸನ್. ಇಂದು ವೈಕಿಂಗರ ಖಡ್ಗ, ಕೊಡಲಿ, ಬೆಳ್ಳಿಯ ಒಡವೆಗಳನ್ನು ನೋಡಲು ಜನರು ಹೋಗುವ ಆ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಅವರು ಬೆಳೆಸಿದ ಸಸಿ.

ಡೆನ್ಮಾರ್ಕ್ ನಮ್ಮ ದೇಶಕ್ಕೆ ತೀರ ಅಪರಿಚಿತವೇನೂ ಅಲ್ಲ. ತಮಿಳುನಾಡಿನ ತರಂಗಂಬಾಡಿಯಲ್ಲಿ 1620ರಿಂದ 1845ರವರೆಗೆ ಹಾರುತ್ತಿದ್ದುದು ಡೇನರ ಧ್ವಜವೇ. ತೋಮ್ಸನ್ನರ ಜೀವಮಾನದಲ್ಲಿಯೇ ಆ ನೆಲವನ್ನು ಇಂಗ್ಲಿಷರಿಗೆ ಮಾರಲಾಯಿತು.

ತೋಮ್ಸನ್ನರ ಕೆಲಸದ ಬೆಲೆ ಅರಿಯಬೇಕಾದರೆ ಅದಕ್ಕೆ ಹಿಂದಿನ ಒಂದು ಕಳ್ಳತನದ ಕಥೆ ತಿಳಿಯಬೇಕು. ಗ್ಯಾಲೆಹೂಸ್ ಎಂಬ ಹಳ್ಳಿಯಲ್ಲಿ 1639ರಲ್ಲಿ ಒಬ್ಬ ಹುಡುಗಿಗೆ ಚಿನ್ನದ ದೊಡ್ಡ ಕೊಂಬೊಂದು ಸಿಕ್ಕಿತು. 1734ರಲ್ಲಿ ಅದರ ಹತ್ತಿರದಲ್ಲಿಯೇ ಒಬ್ಬ ರೈತನಿಗೆ ಇನ್ನೊಂದು ಕೊಂಬು ದೊರೆಯಿತು. ಎರಡರ ಮೇಲೂ ಮನುಷ್ಯರ, ಪ್ರಾಣಿಗಳ ವಿಚಿತ್ರ ಚಿತ್ರಗಳು. ಒಂದರಲ್ಲಿ ರೂನ್ ಎಂಬ ಪ್ರಾಚೀನ ಲಿಪಿಯ ಬರಹವೂ ಇತ್ತು. ಸುಮಾರು ಐದನೆಯ ಶತಮಾನದ ಈ ಕೊಂಬುಗಳು ಅರಸರ ಸಂಗ್ರಹದಲ್ಲಿದ್ದವು. 1802ರ ಮೇ ತಿಂಗಳ ಒಂದು ರಾತ್ರಿ ನೀಲ್ಸ್ ಹೈಡನ್‌ರೈಕ್ ಎಂಬ ಅಕ್ಕಸಾಲಿಗ ಒಳನುಗ್ಗಿ ಅವುಗಳನ್ನು ಕದ್ದು ಕರಗಿಸಿಬಿಟ್ಟ. ಕಳ್ಳ ಸಿಕ್ಕಿಬಿದ್ದ, ಕೊಂಬುಗಳು ಮಾತ್ರ ಮರಳಿ ಬರಲಿಲ್ಲ. ಇಂದು ಅಲ್ಲಿ ಕಾಣಿಸುವುದು ಹಳೆಯ ಚಿತ್ರಗಳನ್ನು ನೋಡಿ ಮಾಡಿದ ಪ್ರತಿಕೃತಿ. ಚಿತ್ರ ಬರೆದಿಟ್ಟವರಿದ್ದುದರಿಂದ ರೂಪವಾದರೂ ಉಳಿಯಿತು. ತೂಕಕ್ಕೆ ಮಾತ್ರ ಬೆಲೆ ಕಟ್ಟುವ ಕೈಗೆ ಸಿಕ್ಕಿದ ಪುರಾತನ ವಸ್ತುವಿನ ಗತಿ ಇದು.

ಆಗ ತೋಮ್ಸನ್ ಹದಿಮೂರರ ಬಾಲಕ. 1788ರ ದಶಂಬರ 29ರಂದು ಕೋಪನ್‌ಹೇಗನ್ನಿನ ಅನುಕೂಲಸ್ಥ ವರ್ತಕರ ಮನೆಯಲ್ಲಿ ಹುಟ್ಟಿದ ಅವರಿಗೆ ತಂದೆಯ ವ್ಯಾಪಾರವೇ ವಿದ್ಯೆ, ಅಂಗಡಿಯೇ ಪಾಠಶಾಲೆ. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಆದರೆ ಹಳೆಯ ನಾಣ್ಯಗಳನ್ನು ಕೂಡಿಹಾಕುವ ಗೀಳು ಎಳವೆಯಲ್ಲಿಯೇ ಅಂಟಿಕೊಂಡಿತು. ನಾಣ್ಯ ಸಂಗ್ರಹಿಸುವವನು ಅದನ್ನು ಬರಿದೆ ಪೆಟ್ಟಿಗೆಗೆ ಸುರಿಯುವುದಿಲ್ಲ. ಯಾವ ಅರಸನದು, ಅದಕ್ಕೆ ಮೊದಲಿನದು ಯಾವುದು, ನಂತರದ್ದು ಯಾವುದು ಎಂದು ಮುದ್ರೆ ನೋಡಿ ಸಾಲು ಹಿಡಿಸುತ್ತಾನೆ. ಈ ಅಭ್ಯಾಸ ಮುಂದೆ ಬಹುದೊಡ್ಡ ಕೆಲಸಕ್ಕೆ ಒದಗಿತು.

ಅವರ ಯೌವನದ ದಿನಗಳು ದೇಶದ ಕೆಟ್ಟ ದಿನಗಳಾಗಿದ್ದವು. 1807ರಲ್ಲಿ ಇಂಗ್ಲಿಷ್ ನೌಕಾಪಡೆ ಕೋಪನ್‌ಹೇಗನ್ನಿನ ಮೇಲೆ ಗುಂಡಿನ ಮಳೆ ಸುರಿಸಿತು. ಊರಿನ ಬೀದಿಗಳು ಉರಿದವು, ಡೇನರ ಹಡಗುಗಳು ವೈರಿಯ ಪಾಲಾದವು. 1813ರಲ್ಲಿ ಸರಕಾರದ ಬೊಕ್ಕಸ ದಿವಾಳಿಯಾಯಿತು. 1814ರಲ್ಲಿ, ಶತಮಾನಗಳಿಂದ ಡೆನ್ಮಾರ್ಕಿನ ಅರಸರ ಆಳ್ವಿಕೆಯಲ್ಲಿದ್ದ ನಾರ್ವೆ ಕೈತಪ್ಪಿತು. ಹೀಗೆ ಸೋತು ಸೊರಗಿದ ಸಣ್ಣ ಜನಾಂಗವು ತಾನು ಯಾರೆಂದು ತನ್ನ ಮಣ್ಣನ್ನೇ ಕೇಳತೊಡಗಿತು. 1807ರಲ್ಲಿಯೇ ಪ್ರಾಚೀನ ವಸ್ತುಗಳ ರಕ್ಷಣೆಗಾಗಿ ಒಂದು ರಾಜಸಮಿತಿ ನೇಮಕಗೊಂಡಿತ್ತು. ವಿಶ್ವವಿದ್ಯಾಲಯದ ಗ್ರಂಥಪಾಲಕ ರಾಸ್ಮುಸ್ ನ್ಯೂರುಪ್ ಅದರ ಕಾರ್ಯದರ್ಶಿ. ದೇಶಕ್ಕೊಂದು ವಸ್ತುಸಂಗ್ರಹಾಲಯ ಬೇಕೆಂದು ಮೊದಲು ಬರೆದವರು ಅವರೇ. ನಾಡಿನ ನಾನಾ ಕಡೆಗಳಿಂದ ವಸ್ತುಗಳು ಬಂದವು. ಆದರೆ ಇಡಲು ಸ್ಥಳವಿಲ್ಲ. ಟ್ರಿನಿಟಿ ಇಗರ್ಜಿಯ ಮಾಡಿನಡಿಯ ಅಟ್ಟದಲ್ಲಿ ವಿಶ್ವವಿದ್ಯಾಲಯದ ಪುಸ್ತಕಭಂಡಾರವಿತ್ತು. ಅಲ್ಲಿಯೇ ಒಂದು ಬದಿಗೆ ಕಲ್ಲು, ಕಂಚು, ಕಬ್ಬಿಣಗಳೆಲ್ಲ ರಾಶಿ ಬಿದ್ದವು.

1816ರಲ್ಲಿ ಸಮಿತಿಯ ಕಾರ್ಯದರ್ಶಿತ್ವ ಇಪ್ಪತ್ತೇಳರ ತೋಮ್ಸನ್ನರಿಗೆ ಬಂತು. ಪದವಿಯಿಲ್ಲದ ವರ್ತಕನಿಗೆ ಇಂಥ ಹುದ್ದೆಯೇ ಎಂದು ಹುಬ್ಬೇರಿಸಿದವರಿದ್ದಿರಬಹುದು. ಆದರೆ ಆ ಹುದ್ದೆಗೆ ಸಂಬಳವಿರಲಿಲ್ಲ. ಸಂಬಳ ಬೇಡದ, ಬಿಡುವುಳ್ಳ, ವಸ್ತುಗಳನ್ನು ಬಲ್ಲ ಮನುಷ್ಯ ಬೇಕಾಗಿತ್ತು. ಹಗಲು ಅಂಗಡಿಯ ಲೆಕ್ಕ, ಉಳಿದ ಹೊತ್ತು ಅಟ್ಟದ ಧೂಳು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ವ್ಯಾಪಾರವನ್ನೂ ಈ ಸೇವೆಯನ್ನೂ ಜತೆಜತೆಯಾಗಿ ನಡೆಸಿದರು.

ಅಟ್ಟದಲ್ಲಿ ಅವರಿಗೆ ಎದುರಾದ ಪ್ರಶ್ನೆ ಸಣ್ಣದಲ್ಲ. ಈ ವಸ್ತುಗಳ ಮೇಲೆ ಇಸವಿ ಇಲ್ಲ, ಅರಸನ ಹೆಸರಿಲ್ಲ. ಯಾವುದನ್ನು ಮೊದಲು ಇಡಬೇಕು, ಯಾವುದನ್ನು ಆಮೇಲೆ? ಮನುಷ್ಯ ಮೊದಲು ಕಲ್ಲನ್ನೂ ಬಳಿಕ ಲೋಹಗಳನ್ನೂ ಬಳಸಿದ ಎಂದು ಪುರಾತನ ರೋಮಿನ ಕವಿಯಿಂದ ಹಿಡಿದು ಹಲವರು ಊಹಿಸಿದ್ದುಂಟು. ಅದು ಊಹೆ ಮಾತ್ರ. ಅದೂ ಅಲ್ಲದೆ ವಸ್ತು ಯಾವುದರಿಂದ ಆಗಿದೆ ಎಂದು ನೋಡಿದರಷ್ಟೇ ಸಾಲದು. ನಮ್ಮ ಅಡುಗೆಮನೆಯನ್ನೇ ನೋಡಿ. ಅರೆಯುವ ಕಲ್ಲು ಇದೆ, ಕಂಚಿನ ಬಟ್ಟಲು ಇದೆ, ಕಬ್ಬಿಣದ ಮೆಟ್ಟುಕತ್ತಿ ಇದೆ. ನಾಳೆ ಯಾರೋ ಈ ಮನೆಯನ್ನು ಅಗೆದು, ಇದು ಕಲ್ಲಿನ ಕಾಲದ ಮನೆ ಎಂದರೆ ಹೇಗಾದೀತು?

ತೋಮ್ಸನ್ ಕಂಡುಕೊಂಡ ದಾರಿ ಸರಳ, ಆದರೆ ಅದಕ್ಕೆ ತಾಳ್ಮೆ ಬೇಕಿತ್ತು. ಒಂದೇ ಗೋರಿಯಲ್ಲಿ, ಒಂದೇ ಹೂಳಿನಲ್ಲಿ ಯಾವ ಯಾವ ವಸ್ತುಗಳು ಜತೆಯಾಗಿ ಸಿಕ್ಕಿದವು ಎಂಬುದನ್ನು ಅವರು ವಿಚಾರಿಸಿ ಗುರುತುಹಾಕಿದರು. ಒಟ್ಟಿಗೆ ಮಣ್ಣಾದವು ಒಂದೇ ಕಾಲದಲ್ಲಿ ಬಳಕೆಯಲ್ಲಿದ್ದವು. ಕೆಲವು ಗೋರಿಗಳಲ್ಲಿ ಕಲ್ಲಿನ ಆಯುಧಗಳೇ ಹೊರತು ಲೋಹವಿಲ್ಲ. ಕೆಲವೆಡೆ ಕೊಡಲಿ, ಖಡ್ಗಗಳು ಕಂಚಿನವು. ಅವುಗಳ ಮೇಲೆ ಸುರುಳಿಯ ಚಿತ್ತಾರ. ಮತ್ತೆ ಕೆಲವೆಡೆ ಆಯುಧ ಕಬ್ಬಿಣದ್ದು, ಕಂಚು ಒಡವೆಗೆ ಮಾತ್ರ. ಕೊನೆಯ ಕಾಲದವುಗಳಲ್ಲಿ ಹೆಣೆದುಕೊಂಡ ಹಾವಿನಂಥ ಮೃಗಗಳ ಚಿತ್ತಾರ. ಹೀಗೆ ಲೋಹ, ಆಕಾರ, ಚಿತ್ತಾರ, ಜತೆಗೆ ಸಿಕ್ಕ ವಸ್ತು ಎಲ್ಲವನ್ನೂ ತೂಗಿನೋಡಿ ಸಾಲು ಹಿಡಿಸಿದರು. ವಸ್ತುವಿನ ಕಾಲವನ್ನು ಹೇಳುವುದು ಅದರ ಪಕ್ಕದಲ್ಲಿದ್ದ ವಸ್ತು ಎಂಬುದೇ ಅವರು ಹೇಳಿಕೊಟ್ಟ ಪಾಠದ ತಿರುಳು.

1819ರಲ್ಲಿ ಅಟ್ಟದ ಬಾಗಿಲು ಸಾರ್ವಜನಿಕರಿಗೆ ತೆರೆಯಿತು, ಅದೂ ವಾರಕ್ಕೊಂದು ದಿನ. ತೋಮ್ಸನ್ ತಾವೇ ನಿಂತು ಬಂದವರಿಗೆ ವಸ್ತುಗಳನ್ನು ತೋರಿಸಿ ವಿವರಿಸುತ್ತಿದ್ದರು. ದೊಡ್ಡವರಿಗಿಂತಲೂ ಹಳ್ಳಿಯಿಂದ ಬಂದ ಬೇಸಾಯಗಾರರ ಕಡೆಗೆ ಅವರಿಗೆ ಹೆಚ್ಚಿನ ಅಕ್ಕರೆ. ಇದರಲ್ಲಿ ಸೌಜನ್ಯ ಮಾತ್ರವಲ್ಲ, ವಿವೇಕವೂ ಇತ್ತು. ನೇಗಿಲ ಬಾಯಿಗೆ ಸಿಕ್ಕುವುದನ್ನು ಮೊದಲು ಕಾಣುವವನು ರೈತ. ಇದು ಏನೆಂದು ಅವನಿಗೆ ಗೊತ್ತಿದ್ದರೆ ಉಳಿಯುತ್ತದೆ, ಇಲ್ಲವಾದರೆ ಬೇಲಿಯಾಚೆಗೆ ಹೋಗುತ್ತದೆ ಅಥವಾ ಅಕ್ಕಸಾಲಿಗನ ಮೂಸೆಗೆ ಬೀಳುತ್ತದೆ. ಹೂಳಿನಲ್ಲಿ ದೊರೆತ ಚಿನ್ನ ಬೆಳ್ಳಿ ಅರಸನಿಗೆ ಸೇರತಕ್ಕದ್ದು, ಆದರೆ ತಂದೊಪ್ಪಿಸಿದವನಿಗೆ ಲೋಹದ ಪೂರ್ಣ ಬೆಲೆ ಸಲ್ಲಬೇಕು ಎಂಬ ನಿಯಮವು ಡೆನ್ಮಾರ್ಕಿನಲ್ಲಿ 1752ರಿಂದಲೇ ಇತ್ತು. ಕಾನೂನಿನ ಜತೆಗೆ ವಿಶ್ವಾಸವೂ ಸೇರಿದಾಗ ವಸ್ತುಗಳು ತಾವಾಗಿ ಬಾಗಿಲಿಗೆ ಬಂದವು.

ಅದೇ ಸುಮಾರಿಗೆ, 1820ರಲ್ಲಿ, ಯೆಲ್ಲಿಂಗ್ ಎಂಬ ಊರಿನ ದೊಡ್ಡ ದಿಬ್ಬವನ್ನು ಹಳ್ಳಿಗರು ಅಗೆದಾಗ ಒಳಗೆ ಮರದ ಗೋರಿಮನೆಯೊಂದು ಕಾಣಿಸಿತು. ಅದರಲ್ಲಿ ಬೆಳ್ಳಿಯ ಒಂದು ಪುಟ್ಟ ಬಟ್ಟಲಿತ್ತು, ಎತ್ತರ ಎರಡು ಅಂಗುಲಕ್ಕೂ ಕಡಿಮೆ. ಯೆಲ್ಲಿಂಗ್ ವೈಕಿಂಗರ ಕಾಲದ ಅರಸರಾದ ಗೋರ್ಮ್ ಮತ್ತು ಅವನ ಮಗ ಹೆರಾಲ್ಡರ ಸ್ಥಾನ. ನೀಲಿಹಲ್ಲಿನವನೆಂದು ಹೆಸರಾದ ಈ ಹೆರಾಲ್ಡನ ಬಿರುದೇ ಇಂದು ನಮ್ಮ ಮೊಬೈಲುಗಳಲ್ಲಿ ಬ್ಲೂಟೂತ್ ಆಗಿ ಕುಳಿತಿದೆ. ದಿಬ್ಬದ ಗೋರಿಗೆ ಬಳಸಿದ ಮರ 958ರ ಸುಮಾರಿಗೆ ಕಡಿದದ್ದೆಂದು ಈಗಿನ ವಿಜ್ಞಾನ ಲೆಕ್ಕಹಾಕಿದೆ. ಆ ಬಟ್ಟಲಿನ ಮೇಲಿರುವ ಹೆಣಿಗೆಯ ಮೃಗಗಳ ಶೈಲಿಯನ್ನು ವಿದ್ವಾಂಸರು ಇಂದಿಗೂ ಯೆಲ್ಲಿಂಗ್ ಶೈಲಿ ಎಂದೇ ಕರೆಯುತ್ತಾರೆ.

1832ರಲ್ಲಿ ಸಂಗ್ರಹವು ಅಟ್ಟದಿಂದ ಇಳಿದು ಕ್ರಿಸ್ಟಿಯನ್ಸ್‌ಬೋರ್ ಅರಮನೆಯ ಕೋಣೆಗಳನ್ನು ಸೇರಿತು. 1836ರಲ್ಲಿ ತೋಮ್ಸನ್ ಒಂದು ಸಣ್ಣ ಕೈಪಿಡಿಯಲ್ಲಿ ತಮ್ಮ ಮೂರು ಯುಗಗಳ ಕ್ರಮವನ್ನು ವಿವರಿಸಿದರು. ಮರುವರ್ಷವೇ ಅದು ಜರ್ಮನ್ ಭಾಷೆಗೆ, 1848ರಲ್ಲಿ ಇಂಗ್ಲಿಷಿಗೆ ಹೋಯಿತು. ಅವರಿಗೆ ಗ್ರಂಥ ಬರೆಯುವ ಹಂಬಲ ಹೆಚ್ಚಿರಲಿಲ್ಲ. ಕಾಗದ ಬರೆದು ವಿಚಾರಿಸುವುದು, ವಸ್ತು ತೋರಿಸಿ ಮಾತಾಡುವುದು ಇವೇ ಅವರ ರೀತಿ.

ಗುಣದ ಜತೆಗೆ ದೋಷವನ್ನೂ ಹೇಳಬೇಕು. ಯೆನ್ಸ್ ವರ್ಸಾ ಎಂಬ ಬುದ್ಧಿವಂತ ತರುಣ ಹಲವು ವರ್ಷ ಅವರ ಕೈಕೆಳಗೆ ಸಂಬಳವಿಲ್ಲದೆ ದುಡಿದನು. ತಂದೆ ತೀರಿಹೋಗಿ ಮನೆಯಲ್ಲಿ ಅಡಚಣೆಯಾದಾಗ ಸಂಬಳ ಕೇಳಿದರೆ ತೋಮ್ಸನ್ ಒಪ್ಪಲಿಲ್ಲ. ತಾನು ಬಿಟ್ಟಿಯಾಗಿ ಮಾಡಿದ ಸೇವೆಯನ್ನು ಇಲ್ಲದವನೂ ಬಿಟ್ಟಿಯಾಗಿ ಮಾಡಲಿ ಎಂದರೆ ಉಳ್ಳವನ ಮಾತಾಯಿತು. ವರ್ಸಾ ಬಿಟ್ಟುಹೋದರು. ಆದರೂ ಗುರುವಿನ ಸಿದ್ಧಾಂತವನ್ನು ನೆಲ ಅಗೆದು, ಪದರ ಪದರವಾಗಿ ಪರೀಕ್ಷಿಸಿ ಸ್ಥಿರಪಡಿಸಿದವರು ಅವರೇ. 1843ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಡೆನ್ಮಾರ್ಕಿನ ಪ್ರಾಚೀನತೆಯ ಬಗ್ಗೆ ಪುಸ್ತಕ ಬರೆದರು. ಬಳಿಕ ಬ್ರಿಟನ್, ಐರ್ಲೆಂಡುಗಳಲ್ಲಿ ಸುತ್ತಾಡಿ ಅಲ್ಲಿ ವೈಕಿಂಗರು ಬಿಟ್ಟುಹೋದ ಕುರುಹುಗಳನ್ನು ಹುಡುಕಿದರು. ವೈಕಿಂಗರೆಂದರೆ ಕಡಲುಗಳ್ಳರು ಮಾತ್ರ ಎಂಬ ಮಾತಿಗೆ, ಅವರು ವ್ಯಾಪಾರಿಗಳೂ ನೆಲೆಯೂರಿದ ಒಕ್ಕಲುಗಳೂ ಆಗಿದ್ದರೆಂದು ವಸ್ತುಗಳಿಂದಲೇ ಉತ್ತರ ಕೊಟ್ಟರು. ತೋಮ್ಸನ್ನರ ಬಳಿಕ ಸಂಗ್ರಹಾಲಯದ ಹೊಣೆ ಇವರದೇ ಆಯಿತು.

ಈ ಕ್ರಮದ ಪ್ರಯೋಜನ ಇಂದಿನ ಪ್ರೇಕ್ಷಕನಿಗೂ ಉಂಟು. ವೈಕಿಂಗ್ ಎಂದೊಡನೆ ಕೊಂಬಿನ ಶಿರಸ್ತ್ರಾಣ ತೊಟ್ಟವನ ಚಿತ್ರ ನಮ್ಮೆಲ್ಲರ ಕಣ್ಣಿಗೆ ಬರುತ್ತದೆ. ಕೋಪನ್‌ಹೇಗನ್ನಿನಲ್ಲಿ ಅಂಥ ಎರಡು ಶಿರಸ್ತ್ರಾಣಗಳು ನಿಜವಾಗಿಯೂ ಇವೆ. 1942ರಲ್ಲಿ ವೆಕ್ಸೋ ಎಂಬಲ್ಲಿಯ ಜೌಗಿನಲ್ಲಿ ಉರುವಲು ಮಣ್ಣು ತೆಗೆಯುವಾಗ ಅವು ಸಿಕ್ಕಿದವು. ಆದರೆ ಅವು ಕಂಚಿನ ಯುಗದವು, ಕ್ರಿಸ್ತಪೂರ್ವ 900ರ ಸುಮಾರಿನವು. ವೈಕಿಂಗರ ಕಾಲವು ಕಬ್ಬಿಣದ ಯುಗದ ಕೊನೆಯದು, ಸುಮಾರು 800ರಿಂದ 1050ರವರೆಗಿನದು. ನಡುವೆ ಸಾವಿರದ ಏಳುನೂರು ವರ್ಷಗಳ ಅಂತರ! ವೈಕಿಂಗರು ಕೊಂಬಿನ ಶಿರಸ್ತ್ರಾಣ ಧರಿಸಿದ್ದಕ್ಕೆ ಆಧಾರವಿಲ್ಲ. ಸಾಲು ಹಿಡಿಸಿದವರಿಲ್ಲದಿದ್ದರೆ ಈ ತಪ್ಪನ್ನು ತಿದ್ದುವವರು ಯಾರು?

ಈ ಮೂರು ಯುಗಗಳು ಎಲ್ಲ ದೇಶಗಳಿಗೂ ಒಂದೇ ಅಳತೆಯ ಅಂಗಿಯಲ್ಲ. ದಕ್ಷಿಣ ಭಾರತದಲ್ಲಿ ಕಂಚಿನ ಯುಗವೆಂಬುದು ಪ್ರತ್ಯೇಕವಾಗಿ ಕಾಣಿಸುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಕಲ್ಲಿನ ಕೊಡಲಿಯ ಜನರ ಪದರದ ಮೇಲೆ, ದೊಡ್ಡ ಕಲ್ಲುಗಳ ಗೋರಿ ಕಟ್ಟಿ ಕಬ್ಬಿಣ ಬಳಸಿದವರ ಪದರ ಕಂಡುಬಂತು. ತಾಮ್ರ ಕಂಚುಗಳು ಅಲ್ಪಸ್ವಲ್ಪ ಮಾತ್ರ. ನಮ್ಮ ಕಾಸರಗೋಡಿನ ಮುರಕಲ್ಲಿನಲ್ಲಿ ಕೊರೆದ ಗುಹಾಗೋರಿಗಳೂ ಆ ಕಬ್ಬಿಣ ಯುಗದವರವೇ. ತೋಮ್ಸನ್ನರ ಹೆಸರುಗಳನ್ನು ನಾವು ತಿದ್ದಿ ಬಳಸಬೇಕು. ಅವರ ರೀತಿಯನ್ನು ಮಾತ್ರ ತಿದ್ದಬೇಕಾದುದಿಲ್ಲ.

1865ರ ಮೇ 21ರಂದು, ಎಪ್ಪತ್ತಾರರ ಪ್ರಾಯದಲ್ಲಿ ತೋಮ್ಸನ್ ತೀರಿಕೊಂಡರು. ಅಷ್ಟರಲ್ಲಿ ಸಂಗ್ರಹವು ರಾಜಕುಮಾರನ ಅರಮನೆಯೆಂಬ ಇಂದಿನ ಕಟ್ಟಡಕ್ಕೆ ಬಂದಿತ್ತು. 1892ರಲ್ಲಿ ಅದಕ್ಕೆ ರಾಷ್ಟ್ರೀಯ ವಸ್ತುಸಂಗ್ರಹಾಲಯವೆಂಬ ಹೆಸರಾಯಿತು.

ಕೋಪನ್‌ಹೇಗನ್ನಿಗೆ ಹೋಗುವ ಯೋಗ ನಮಗೆಲ್ಲ ಬಾರದು. ಆದರೆ ಬಾವಿ ತೋಡುವಾಗ, ಕಂಗಿನ ತೋಟಕ್ಕೆ ಕಣಿ ತೆಗೆಯುವಾಗ ಮಡಕೆಯ ಚೂರು, ತುಕ್ಕು ಹಿಡಿದ ಕಬ್ಬಿಣ ಹಾರೆಗೆ ತಾಗುವುದು ನಮ್ಮ ಜಾಗೆಯಲ್ಲಿಯೂ ಉಂಟು. ಆಗ ಅದನ್ನು ಬೇರ್ಪಡಿಸಿ ಎತ್ತಿ ತೊಳೆದು ಶೋಕೇಸಿನಲ್ಲಿಡುವುದಕ್ಕಿಂತ ಮೊದಲು, ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜತೆಗೆ ಸಿಕ್ಕಿತು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟು, ಪ್ರಾಚ್ಯವಸ್ತು ಇಲಾಖೆಯವರಿಗೆ ತಿಳಿಸುವುದು ಒಳ್ಳೆಯದು. ಮನೆಯ ಅಟ್ಟದ ತಾಳೆಗರಿಯ ಕಟ್ಟಿಗೂ ಇದೇ ಮಾತು. ಒಂದು ದೇಶದ ಚರಿತ್ರೆ ಇಗರ್ಜಿಯ ಅಟ್ಟದಿಂದ ಇಳಿದುಬಂತು. ನಮ್ಮ ಅಟ್ಟಗಳನ್ನು ನಾವು ಒಮ್ಮೆ ಹತ್ತಿ ನೋಡೋಣ.