ಪಾಠದ ಪುಸ್ತಕ ಬರೆದ ಪಂಡಿತರು: ಡಾ. ಭಾಂಡಾರಕರ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಭಾಂಡಾರಕರ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದೇವೆ. ಆ ಮಹನೀಯರಿಗೂ ನಮ್ಮ ನಾಡಿಗೂ ಏನು ನಂಟೆಂದು ವಿಚಾರಿಸಿದವರು ಮಾತ್ರ ವಿರಳ.

ರಾಮಕೃಷ್ಣ ಗೋಪಾಲ ಭಾಂಡಾರಕರರು 1837ನೆಯ ಜುಲೈ 6ರಂದು ಕೊಂಕಣದ ಮಾಲವಣದಲ್ಲಿ ಜನಿಸಿದರು. ರತ್ನಾಗಿರಿಯಲ್ಲಿ ಶಾಲೆ ಮುಗಿಸಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಸೇರಿದರು. 1862ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಹೊರಬಿದ್ದ ಮೊದಲ ಪದವೀಧರರಲ್ಲಿ ಮಹಾದೇವ ಗೋವಿಂದ ರಾನಡೆಯವರೊಡನೆ ಇವರೂ ಒಬ್ಬರು.

ಅಂದು ಸಂಸ್ಕೃತ ಕಲಿಯಬೇಕೆಂದರೆ ಗುರುಗಳೆದುರು ಕುಳಿತು ಶಬ್ದರೂಪಗಳನ್ನೂ ಅಮರಕೋಶವನ್ನೂ ವರ್ಷಗಟ್ಟಲೆ ಬಾಯಿಪಾಠ ಮಾಡಬೇಕಿತ್ತು. ಸರಕಾರಿ ಶಾಲೆಯ ಹುಡುಗರಿಗೆ ಆ ದಾರಿ ದೂರವಾಗಿತ್ತು. ಭಾಂಡಾರಕರರು ಅವರಿಗಾಗಿ 1864ರಲ್ಲಿ ಸಂಸ್ಕೃತದ ಮೊದಲ ಪುಸ್ತಕವನ್ನೂ 1868ರಲ್ಲಿ ಎರಡನೆಯದನ್ನೂ ಇಂಗ್ಲಿಷಿನ ವಿವರಣೆಯೊಡನೆ ರಚಿಸಿದರು. ಪಾಠಕ್ಕೆ ಕೆಲವೇ ನಿಯಮಗಳು, ಕೆಲವು ಶಬ್ದಗಳು, ಬಳಿಕ ಭಾಷಾಂತರಕ್ಕೆ ವಾಕ್ಯಗಳು: ಹೀಗೆ ಮೆಟ್ಟಲು ಮೆಟ್ಟಲಾಗಿ ಏರುವ ಕ್ರಮವದು. ಪುಸ್ತಕ ಕೊಂಡವನ ಕುಲವನ್ನು ಅದು ಕೇಳಲಿಲ್ಲ. ತಲೆಮಾರುಗಳ ವಿದ್ಯಾರ್ಥಿಗಳು ಅದರಿಂದಲೇ ಸಂಸ್ಕೃತದ ಹೊಸ್ತಿಲು ದಾಟಿದರು.

1882ರಿಂದ 1893ರವರೆಗೆ ಅವರು ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದರು. 1884ರಲ್ಲಿ ಹೊರಬಂದ ಅವರ ದಖ್ಖನದ ಪ್ರಾಚೀನ ಇತಿಹಾಸದಲ್ಲಿ ಬಾದಾಮಿಯ ಚಾಲುಕ್ಯರು, ಮಾನ್ಯಖೇಟದ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಶಾಸನಗಳ ಆಧಾರದ ಮೇಲೆ ತಲೆಯೆತ್ತಿ ನಿಂತರು. ನಮ್ಮ ಪುಲಿಕೇಶಿ, ನೃಪತುಂಗರ ಕಾಲವನ್ನು ಕ್ರಮವಾಗಿ ಜೋಡಿಸಿದವರಲ್ಲಿ ಈ ಮರಾಠಿ ವಿದ್ವಾಂಸರೂ ಸೇರಿದ್ದಾರೆಂಬುದನ್ನು ನಾವು ಮರೆಯಲಾಗದು.

ಅವರ ಪಾಂಡಿತ್ಯ ಗ್ರಂಥಗಳಲ್ಲೇ ಉಳಿಯಲಿಲ್ಲ. 1891ರಲ್ಲಿ ವಿಧವೆಯಾದ ಮಗಳಿಗೆ ಮರುಮದುವೆ ಮಾಡಿಸಿ, ಸಂಪ್ರದಾಯಸ್ಥರ ವಿರೋಧವನ್ನು ಎದುರಿಸಿದರು. ಶಾಸ್ತ್ರವನ್ನು ಬಲ್ಲವರೇ ಹಾಗೆ ನಡೆದುದರಿಂದ ಆ ಕಾರ್ಯಕ್ಕೆ ವಿಶೇಷ ತೂಕ ಬಂದಿತು.

ಅವರ 80ನೆಯ ಹುಟ್ಟುಹಬ್ಬದಂದು, 1917ನೆಯ ಜುಲೈ 6ರಂದು, ಅಭಿಮಾನಿಗಳು ಪುಣೆಯಲ್ಲಿ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಅವರ ಗ್ರಂಥಭಂಡಾರವೂ ಅಲ್ಲಿಗೇ ಸೇರಿತು. ಮಹಾಭಾರತದ ಪಾಠಗಳನ್ನು ಹೋಲಿಸಿ ಪರಿಷ್ಕರಿಸುವ ಮಹಾಕಾರ್ಯ ಅಲ್ಲಿಯೇ 1919ರಲ್ಲಿ ಆರಂಭವಾಗಿ 1966ರಲ್ಲಿ ಮುಗಿಯಿತು. ಭಾಂಡಾರಕರರು 1925ನೆಯ ಆಗಸ್ಟ್ 24ರಂದು ನಿಧನ ಹೊಂದಿದರು.

ಇಂದು ನಮ್ಮ ಮಕ್ಕಳಲ್ಲಿ ಹಲವರು ಮನೆಯಲ್ಲಿ ಕನ್ನಡ ಆಡುತ್ತಾರೆ. ಅಜ್ಜಿ ಬರೆದ ಕಾಗದವನ್ನು ಮಾತ್ರ ಓದಲಾರರು. ದೇವನಾಗರಿ ಬಲ್ಲ ಮಗುವಿಗೆ ಕನ್ನಡದ ಅಕ್ಷರ ಕಲಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ದಿನಕ್ಕೊಂದು ಪಾಠ, ಪಾಠಕ್ಕೆ ನಾಲ್ಕು ಶಬ್ದ, ಎರಡು ವಾಕ್ಯ ಸಾಕು. ಪಂಡಿತರೊಬ್ಬರು ಮಕ್ಕಳಿಗಾಗಿ ಅಷ್ಟು ಕೆಳಗಿಳಿದು ಬರೆದರೆಂದ ಮೇಲೆ, ತಂದೆತಾಯಿಗಳಾದ ನಾವು ಸಂಜೆಯ ಅರ್ಧ ಗಂಟೆಯನ್ನಾದರೂ ಇದಕ್ಕೆ ಮೀಸಲಿಡಬೇಡವೇ?